ಸಂತೆ ನೋಡಿದ ಮೇಲೆ ಸಭೆಯ ಮನೆಯನ್ನೂ ನೋಡು

ಜರ್ಮನಿ ವೀಸಾ ಬಂತು ಅಂತ ನಿನ್ನೆ ಪೇಡ ಹಿಡಿದುಕೊಂಡು ಶೆಡ್ಡಿಗೆ ಬಂದೆಯಲ್ಲ, ಮನಸ್ಸು ತುಂಬಿತು ಮಗು. ನಮ್ಮ ಪೀಣ್ಯದ ಹುಡುಗ ಹ್ಯಾನೋವರ್‌ನ ಮೆಷಿನ್ ಟೂಲ್ ಮೇಳಕ್ಕೆ ಹೋಗುವುದೆಂದರೆ ಸಣ್ಣ ಮಾತಲ್ಲ. ಅಲ್ಲಿ ಯಾವ ಸ್ಪಿಂಡಲ್ ನೋಡಬೇಕು, ಯಾವ ಕಂಟ್ರೋಲರ್ ಕೇಳಬೇಕು ಎಂದು ನಾನು ಹೇಳಿಕೊಡಬೇಕಿಲ್ಲ. ನಾನು ಹೇಳುವುದು ಒಂದೇ. ಆ ಐದಾರು ದಿನದಲ್ಲಿ ಅರ್ಧ ದಿನ ಊರಿಗೆ ಕೊಡು. ಅವರ ಹಳೇ ಟೌನ್ ಹಾಲ್ ನೋಡಿಕೊಂಡು ಬಾ.

2015ರ ಏಪ್ರಿಲ್‌ನಲ್ಲಿ ಹ್ಯಾನೋವರ್ ಮೇಳಕ್ಕೆ ಭಾರತವೇ ಪಾಲುದಾರ ದೇಶವಾಗಿತ್ತು. ಆಗ ನಾನೂ ಹೋಗಿದ್ದೆ. ಮೂರು ದಿನ ಸ್ಟಾಲಿಂದ ಸ್ಟಾಲಿಗೆ ಓಡಾಡಿದ್ದು, ರಾತ್ರಿ ರೂಮಿನಲ್ಲಿ ಅವಲಕ್ಕಿ ತಿಂದು ಮಲಗಿದ್ದು, ಇಷ್ಟೇ ಆಯಿತು. ನಾಲ್ಕನೇ ದಿನ ಟ್ರಾಮ್ ಹತ್ತಿ ಹಳೇ ಪೇಟೆಯಲ್ಲಿ ಇಳಿದೆ. ಚರ್ಚಿನ ಪಕ್ಕದಲ್ಲಿ ಕೆಂಪು ಇಟ್ಟಿಗೆಯ ಕಟ್ಟಡ. ನೆತ್ತಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತ್ತು. ಅದೇ ಆಲ್ಟೆಸ್ ರಾಟ್‌ಹೌಸ್, ಹಳೆಯ ಟೌನ್ ಹಾಲ್. 1410ರಲ್ಲಿ ಶುರುವಾದ ಕೆಲಸ. ರಾಟ್‌ಹೌಸ್ ಎಂದರೆ ಅರಮನೆಯಲ್ಲ, ಗುಡಿಯಲ್ಲ. ಊರಿನವರು ಕೂತು ಆಲೋಚನೆ ಮಾಡುವ ಮನೆ. ಅಲ್ಲೇ ಇರುವ ಬೀದಿಯ ಹೆಸರು ಶ್ಮೀಡೆಸ್ಟ್ರಾಸೆ, ಅಂದರೆ ಕಮ್ಮಾರರ ಬೀದಿ. ಕಬ್ಬಿಣ ಬಡಿಯುವವರ ಬೀದಿಗೂ ಊರಿನ ಸಭೆಗೂ ಅಷ್ಟು ಹತ್ತಿರ ಎಂದು ತಿಳಿದಾಗ ನನಗೆ ನಮ್ಮವರೇ ಸಿಕ್ಕ ಹಾಗಾಯಿತು.

ಫೋಟೋ ಆಮೇಲೆ ತೆಗಿ. ಮೊದಲು ಗೋಡೆಯ ಹತ್ತಿರ ಹೋಗಿ ನಿಂತುಕೊ. ಗೋಥಿಕ್ ಎಂದರೆ ಕಲ್ಲಿನ ಕೆತ್ತನೆ ಎಂದುಕೊಳ್ಳುತ್ತೇವೆ. ಉತ್ತರ ಜರ್ಮನಿಯ ಬಯಲಿನಲ್ಲಿ ಕೆತ್ತುವ ಕಲ್ಲಿಗೆ ಬರ. ಅದಕ್ಕೇ ಅವರು ಜೇಡಿಮಣ್ಣನ್ನು ಸುಟ್ಟು ಅದೇ ಗೋಥಿಕ್ ಕಟ್ಟಿದರು. ಉಳಿ ಹಿಡಿದು ಕೆತ್ತುವ ಹಾಗಿಲ್ಲ. ಕಮಾನಿನ ಅಂಚಿಗೆ, ಕಂಬದ ಉರುಟಿಗೆ ಬೇಕಾದ ಇಟ್ಟಿಗೆಯನ್ನು ಹಸಿಮಣ್ಣಿನಲ್ಲೇ ಅಚ್ಚು ಹಾಕಬೇಕು. ಮಣ್ಣು ಒಣಗುವಾಗ, ಬೇಯುವಾಗ ಕುಗ್ಗುತ್ತದೆ. ಆ ಲೆಕ್ಕ ಇಟ್ಟುಕೊಂಡು ಅಚ್ಚನ್ನು ಒಂದಿಷ್ಟು ದೊಡ್ಡದು ಮಾಡಬೇಕು. ನಮ್ಮ ಫೌಂಡ್ರಿಯಲ್ಲಿ ಕಾಸ್ಟಿಂಗ್ ಕುಗ್ಗುತ್ತದೆಂದು ಪ್ಯಾಟರ್ನ್ ದೊಡ್ಡದು ಮಾಡುತ್ತೇವಲ್ಲ, ಅದೇ ವಿದ್ಯೆ. ನಾನು ಎರಡು ಇಟ್ಟಿಗೆಯ ಸಂದಿನ ಮೇಲೆ ಉಗುರು ಆಡಿಸಿ ನೋಡಿದೆ. ಸಾಲು ನೆಟ್ಟಗಿತ್ತು. ವರ್ನಿಯರ್ ಹಿಡಿದ ಕೈಗೆ ಅದರ ಬೆಲೆ ಗೊತ್ತಾಗುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಈ ಕಟ್ಟಡವನ್ನೇ ಕೆಡವುವ ಮಾತು ಬಂದಿತ್ತು. ಬೇಡ ಎಂದವರ ಮಾತು ಗೆದ್ದಿತು. ಕಾನ್ರಾಡ್ ವಿಲ್ಹೆಲ್ಮ್ ಹಾಸೆ ಎಂಬ ವಾಸ್ತುಶಿಲ್ಪಿ ಅದನ್ನು ಹಳೆಯ ರೂಪಕ್ಕೆ ತಂದ. ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಮತ್ತೆ ಹಾಳಾಯಿತು, ಮತ್ತೆ ಕಟ್ಟಿದರು.

ಅಲ್ಲಿಂದ ನಡೆದೇ 1913ರ ಹೊಸ ಟೌನ್ ಹಾಲ್‌ಗೆ ಹೋಗು. ಗುಮ್ಮಟದ ಬಾಗಿಗೆ ತಕ್ಕಂತೆ ವಾಲಿಕೊಂಡು ಏರುವ ಲಿಫ್ಟ್ ಅಲ್ಲಿದೆ. ಮೆಕ್ಯಾನಿಕಲ್ ಓದಿದವನು ತಪ್ಪಿಸಿಕೊಳ್ಳಬಾರದು. ಆದರೆ ಅದಕ್ಕಿಂತ ಮೊದಲು ಕೆಳಗಿನ ಹಜಾರದಲ್ಲಿರುವ ಊರಿನ ನಾಲ್ಕು ಮಾದರಿಗಳನ್ನು ನೋಡು: 1689, 1939, 1945 ಮತ್ತು ಈಗಿನದು. 1945ರದ್ದರಲ್ಲಿ ಸೂರಿಲ್ಲದ ಗೋಡೆಗಳೇ ಗೋಡೆಗಳು. ತಮ್ಮ ಊರಿನ ಸೋಲನ್ನೂ ಬಂದವರ ಕಣ್ಣಿಗೆ ಬೀಳುವ ಜಾಗದಲ್ಲೇ ಇಟ್ಟಿದ್ದಾರೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಗೊತ್ತಾ? ಬೆಂಗಳೂರಿನ ಜೆ.ಸಿ. ರಸ್ತೆಯ ನಮ್ಮ ಟೌನ್ ಹಾಲ್ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೀಯ. ಅದು ಗೋಥಿಕ್ ಅಲ್ಲ, ಗ್ರೀಕ್-ರೋಮನ್ ಶೈಲಿಯ ದಪ್ಪ ಕಂಬಗಳದ್ದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದರು, 1935ರಲ್ಲಿ ಬಾಗಿಲು ತೆರೆಯಿತು. ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರು ಅದಕ್ಕಿದೆ. ಒಂದು ಸಲವಾದರೂ ಮೆಟ್ಟಿಲು ಹತ್ತಿದ್ದೀಯಾ?

ಇನ್ನು ನಮ್ಮ ಊರಿನ ಸಭೆಯ ಕಥೆ ಕೇಳು. ನಮ್ಮ ಪೀಣ್ಯ ಮೊದಲು ದಾಸರಹಳ್ಳಿ ನಗರಸಭೆಯಲ್ಲಿತ್ತು. ವೈಟ್‌ಫೀಲ್ಡ್ ಕಡೆಗೆ ಮಹದೇವಪುರ ನಗರಸಭೆ ಇತ್ತು. 2007ರಲ್ಲಿ ಎರಡೂ ಬೆಂಗಳೂರಿನ ಮಹಾನಗರ ಪಾಲಿಕೆಯಾದ ಬಿಬಿಎಂಪಿಗೆ ಸೇರಿದವು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. ಗುಂಡಿ, ಚರಂಡಿ, ಬೀದಿದೀಪ ಎಂದು ನಾವು ಟೀ ಅಂಗಡಿಯಲ್ಲಿ ದಿನಾ ಮಾತಾಡುತ್ತೇವೆ. ಆ ಮಾತು ಸಭೆಯ ಮನೆಯವರೆಗೆ ಹೋಗುವುದಿಲ್ಲ. ಪೀಣ್ಯದಲ್ಲಿ ಮೈಕ್ರಾನ್ ಲೆಕ್ಕದ ಕೆಲಸ ಮಾಡುವವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ದೂರದ ದೇಶಗಳ ಬ್ಯಾಂಕು ನಡೆಸುವವರು ನಾವು. ನಮ್ಮ ಬೀದಿಯ ಕೆಲಸಕ್ಕೆ ಮಾತ್ರ ಬೇರೆ ಯಾರೋ ಬರಲಿ ಎಂದು ಕಾಯುತ್ತೇವೆ. ಇದು ತಪ್ಪು ಮಗು. ನನ್ನ ತಲೆಮಾರೂ ಇದನ್ನೇ ಮಾಡಿತು. ನೀನು ಮಾಡಬೇಡ.

ಹ್ಯಾನೋವರ್‌ನಿಂದ ನನಗೆ ಚಾಕೊಲೇಟ್ ತರಬೇಡ. ಆ ಇಟ್ಟಿಗೆ ಗೋಡೆಯ ಮುಂದೆ ಒಂದು ಗಂಟೆ ನಿಂತು ಬಾ. ಬಂದ ಮೇಲೆ ನಮ್ಮ ಟೌನ್ ಹಾಲ್ ಮೆಟ್ಟಿಲು ಹತ್ತು. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಇದೆಯಾ ನೋಡಿಕೊ. ವಾರ್ಡಿನ ಸಭೆ ಕರೆದ ದಿನ ಶೆಡ್ಡಿಗೆ ಒಂದು ಗಂಟೆ ತಡವಾಗಿ ಬಾ; ಮೆಷಿನ್ ನಾನು ನೋಡಿಕೊಳ್ಳುತ್ತೇನೆ.