ಕೋನದಲ್ಲಿ ಪ್ರಯೋಗಿಸಿದ ಬಲ ಮಾಡುವ ಕೆಲಸ

ಉದ್ದೇಶ: ಬಲ ಮತ್ತು ಸ್ಥಾನಪಲ್ಲಟಗಳು ಒಂದೇ ದಿಕ್ಕಿನಲ್ಲಿ ಇಲ್ಲದಿರುವಾಗ ಕೆಲಸವನ್ನು ಲೆಕ್ಕ ಹಾಕುವುದು.

ಪೀಠಿಕೆ: ‘ಕೆಲಸ = ಬಲ × ಸ್ಥಾನಪಲ್ಲಟ’ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಲೆಕ್ಕದಲ್ಲಿ ಕೋನವಿದ್ದರೂ ಎರಡು ಸಂಖ್ಯೆಗಳನ್ನು ಗುಣಿಸಿ ಮುಗಿಸುತ್ತಾರೆ. ಸೂತ್ರಕ್ಕೆ ಕೊಸೈನ್ ಸೇರಿಸಿಕೊಟ್ಟ ಮಾತ್ರಕ್ಕೆ ಈ ತಪ್ಪು ನೀಗದು. ಬಲದ ಯಾವ ಭಾಗ ಕೆಲಸ ಮಾಡುತ್ತದೆಂಬುದನ್ನು ಅವರು ಮೊದಲು ಚಿತ್ರದಲ್ಲಿ ಕಾಣಬೇಕು. ಮರಾಠಿ ಪಠ್ಯದ ‘ಕಾರ್ಯ’, ‘ವಿಸ್ಥಾಪನ’ ಎಂಬ ಪದಗಳು ಇಲ್ಲಿಯ ‘ಕೆಲಸ’, ‘ಸ್ಥಾನಪಲ್ಲಟ’ಗಳೇ ಎಂಬುದನ್ನು ಸೊಲ್ಲಾಪುರ, ಜತ್ತ ಭಾಗದ ತರಗತಿಗಳಲ್ಲಿ ಆರಂಭದಲ್ಲಿಯೇ ತಿಳಿಸುವುದು ಒಳ್ಳೆಯದು.

ಬೋಧನಾ ಕ್ರಮ: ಪುಸ್ತಕಗಳ ಪೆಟ್ಟಿಗೆಗೆ ಹಗ್ಗ ಕಟ್ಟಿ ನೆಲದ ಮೇಲೆ 8 ಮೀಟರ್ ಎಳೆಯಲಾಗಿದೆ. ಹಗ್ಗದ ಬಲ 50 ನ್ಯೂಟನ್. ನೆಲದೊಡನೆ ಅದರ ಕೋನ 60°. ತ್ರಿಕೋನಮಿತಿಯ ಪಾಠ ಇನ್ನೂ ಆಗಿರದಿದ್ದರೆ, 1 ಸೆಂ.ಮೀ.ಗೆ 10 ನ್ಯೂಟನ್ ಪ್ರಮಾಣದಲ್ಲಿ ಚಿತ್ರ ಬರೆಸಬೇಕು. ನೆಲದ ರೇಖೆಗೆ 60° ಕೋನದಲ್ಲಿ 5 ಸೆಂ.ಮೀ. ರೇಖೆಯನ್ನೆಳೆದು, ಅದರ ತುದಿಯಿಂದ ನೆಲದ ರೇಖೆಗೆ ಲಂಬ ಇಳಿಸಿದರೆ, ನೆಲದ ಮೇಲೆ 2.5 ಸೆಂ.ಮೀ. ದೊರೆಯುತ್ತದೆ. ಅಂದರೆ ಚಲನೆಯ ದಿಕ್ಕಿನ ಘಟಕ 25 ನ್ಯೂಟನ್.

ಕೆಲಸ = 25 × 8 = 200 ಜೂಲ್.

ಇದಾದ ಮೇಲೆಯೇ ಸೂತ್ರವನ್ನು ಬರೆಯಬೇಕು: ಕೆಲಸ = ಬಲ × ಸ್ಥಾನಪಲ್ಲಟ × ಕೋನದ ಕೊಸೈನ್. 60°ಯ ಕೊಸೈನ್ 0.5 ಆದ್ದರಿಂದ 50 × 8 × 0.5 = 200 ಜೂಲ್; ಎರಡು ಉತ್ತರಗಳೂ ಒಂದೇ.

ಲಂಬ ಘಟಕವು ಸ್ಥಾನಪಲ್ಲಟಕ್ಕೆ 90° ಕೋನದಲ್ಲಿರುವುದರಿಂದ ಕೆಲಸ ಮಾಡುವುದಿಲ್ಲ. ಆದರೂ ಅದು ನಿರರ್ಥಕವಲ್ಲ: ಪೆಟ್ಟಿಗೆ ನೆಲವನ್ನು ಒತ್ತುವುದನ್ನು ತಗ್ಗಿಸಿ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಘರ್ಷಣೆ ಚಲನೆಗೆ ವಿರುದ್ಧವಾಗಿ, 180° ಕೋನದಲ್ಲಿದೆ. ಅದು ಪೆಟ್ಟಿಗೆಯ ಮೇಲೆ ಮಾಡುವ ಕೆಲಸ ಋಣಾತ್ಮಕ.

ಎಚ್ಚರಿಕೆ: ಸೂತ್ರದಲ್ಲಿ ಬರುವುದು ಬಲಕ್ಕೂ ಸ್ಥಾನಪಲ್ಲಟಕ್ಕೂ ನಡುವಣ ಕೋನ, ಪ್ರಶ್ನೆಯಲ್ಲಿ ಕೊಟ್ಟ ಕೋನ ಯಾವಾಗಲೂ ಅದೇ ಆಗಿರುವುದಿಲ್ಲ.

ಮೌಲ್ಯಮಾಪನ: ಲಂಬರೇಖೆಯೊಡನೆ 30° ಕೋನ ಮಾಡುವ ಹಗ್ಗದಿಂದ 40 ನ್ಯೂಟನ್ ಬಲ ಪ್ರಯೋಗಿಸಿ ವಸ್ತುವನ್ನು ಸಮತಲ ನೆಲದ ಮೇಲೆ 5 ಮೀಟರ್ ಎಳೆದರೆ ಆ ಬಲ ಮಾಡಿದ ಕೆಲಸವೆಷ್ಟು?

ಸರಿಯುತ್ತರ 100 ಜೂಲ್. 200 ಎಂದು ಬರೆದವರು ಕೋನವನ್ನೇ ಬಿಟ್ಟಿದ್ದಾರೆ. 173 ಎಂದು ಬರೆದವರು 30°ಯನ್ನು ಹಾಗೆಯೇ ಬಳಸಿದ್ದಾರೆ. ಇಬ್ಬರಿಗೂ ಒಂದೇ ತಿದ್ದುಪಡಿ ಸಾಲದು: ಮೊದಲನೆಯವರಿಂದ ಘಟಕದ ಚಿತ್ರವನ್ನು ಮತ್ತೆ ಬರೆಸಬೇಕು, ಎರಡನೆಯವರಿಂದ ಸ್ಥಾನಪಲ್ಲಟದ ದಿಕ್ಕನ್ನು ಬಾಣದಿಂದ ಗುರುತಿಸಿ ಕೋನವನ್ನು ಅಳೆಯಿಸಬೇಕು.