ಅಂಗಳದ ಗೋದಲಿ: ಕ್ರಿಸ್‌ಮಸ್ ಅಲಂಕಾರ ಮತ್ತು ಭಾಷಾಕಲಿಕೆ

ಕೇರಳದ ಶಾಲೆಗಳಲ್ಲಿ ವರ್ಷದ ಲೆಕ್ಕ ನಡೆಯುವುದು ಹಬ್ಬಗಳ ಹೆಸರಿನಲ್ಲಿ. ಮೊದಲನೆಯ ಅವಧಿಯದು ಓಣಂ ಪರೀಕ್ಷೆ, ಎರಡನೆಯದು ಕ್ರಿಸ್‌ಮಸ್ ಪರೀಕ್ಷೆ. ಅದು ಮುಗಿದು ರಜೆಗೆ ಶಾಲೆ ಮುಚ್ಚುವ ದಿನ ಅಂಗಳದಲ್ಲಿ ಒಂದು ನಕ್ಷತ್ರ, ಒಂದು ಗೋದಲಿ, ಮಕ್ಕಳಿಗೆ ಒಂದೊಂದು ತುಂಡು ಕೇಕು ಎಂಬುದು ಕಾಸರಗೋಡಿನ ಕನ್ನಡ ಶಾಲೆಗಳಲ್ಲಿಯೂ ರೂಢಿಯಾಗಿದೆ. ಅಲಂಕಾರದ ಸಾಮಗ್ರಿ ಮಾತ್ರ ಬಹಳಷ್ಟು ಕಡೆ ಪೇಟೆಯಿಂದ ಬರುತ್ತದೆ: ಪ್ಲಾಸ್ಟಿಕ್ ನಕ್ಷತ್ರ, ಮಿರುಗುವ ಜರಿ, ಹಿಮದ ಬದಲಿಗೆ ಥರ್ಮೋಕೋಲ್ ಪುಡಿ. ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ ಎಂಬುದನ್ನು ಅಧ್ಯಾಪಕರಿಗೆ ನೆನಪಿಸಬೇಕಾದ ಸಂದರ್ಭಗಳು ನನಗೆ ಬಂದಿವೆ. ಆದರೆ ಈ ಲೇಖನಕ್ಕೆ ಕಾರಣ ಆ ನಿಷೇಧವಲ್ಲ. ನಾನೇ ಬರೆದಿಟ್ಟ ಒಂದು ತಪ್ಪು ಷರಾ.

ಕೆಲವು ವರ್ಷಗಳ ಹಿಂದೆ ಮಂಜೇಶ್ವರದ ಕಡೆಯ ಒಂದು ಶಾಲೆಯಲ್ಲಿ ಐದನೆಯ ತರಗತಿಗೆ ಮಾದರಿ ಪಾಠ ಮಾಡಿದೆ. ವಿಷಯ ಕ್ರಿಸ್‌ಮಸ್. ನಾನು ಸಿದ್ಧಪಡಿಸಿಕೊಂಡು ಹೋದ ಪದಪಟ್ಟಿಯಲ್ಲಿ ಹಿಮ, ಪೈನ್ ಮರ, ಜಾರುಬಂಡಿ ಮೊದಲಾದವು ಇದ್ದವು. ಕಿಟಕಿಯಾಚೆ ಅಡಿಕೆ ತೋಟ, ಒಳಗೆ ಜಾರುಬಂಡಿ! ಹಿಂದಿನ ಬೆಂಚಿನ ಹುಡುಗನೊಬ್ಬ ಇಡೀ ಅವಧಿಯಲ್ಲಿ ಬಾಯಿ ತೆರೆಯಲಿಲ್ಲ. ಅವನ ಹೆಸರಿನ ಮುಂದೆ ‘ಶಬ್ದಸಂಪತ್ತು ಕಡಿಮೆ’ ಎಂದು ಬರೆದೆ. ಮಧ್ಯಾಹ್ನ ಮಕ್ಕಳು ಅಂಗಳದಲ್ಲಿ ಗೋದಲಿ ಕಟ್ಟಲು ಇಳಿದಾಗ ಅದೇ ಹುಡುಗ ಮುಂದಾಳಾಗಿದ್ದ. ಅಡಿಕೆ ದಬ್ಬೆ ಎಲ್ಲಿ ಸಿಬುರು ಏಳುತ್ತದೆ, ಮಡಲಿನ ಯಾವ ಮಗ್ಗುಲು ಮೇಲೆ ಬರಬೇಕು, ಮುಳಿಹುಲ್ಲನ್ನು ಬುಡ ಕೆಳಗಾಗಿ ಏಕೆ ಹೊದೆಸಬೇಕು ಎಂದು ಉಳಿದವರಿಗೆ ತಿಳಿಸುತ್ತಿದ್ದ. ಅರ್ಧ ತುಳು, ಕಾಲು ಭಾಗ ಮಲಯಾಳ, ಉಳಿದದ್ದು ಕನ್ನಡ. ಶಬ್ದಗಳ ಕೊರತೆಯಿದ್ದದ್ದು ನನ್ನ ಪಟ್ಟಿಯಲ್ಲಿ. ಆ ಷರಾವನ್ನು ಹೊಡೆದುಹಾಕಿದೆ. ಪಾಠವನ್ನು ಮರುವರ್ಷ ಅಂಗಳದಿಂದಲೇ ಆರಂಭಿಸಿದೆ.

ಹುಲ್ಲಿನ ಮನೆ ಮತ್ತು ಅದರ ಹೆಸರುಗಳು

ಲೂಕನ ಸುವಾರ್ತೆಯ ಪ್ರಕಾರ ಮರಿಯಳು ಹಸುಗೂಸನ್ನು ಮಲಗಿಸಿದ್ದು ದನಗಳಿಗೆ ಮೇವು ಹಾಕುವ ತೊಟ್ಟಿಯಲ್ಲಿ. ಆ ತೊಟ್ಟಿಗೆ ಕನ್ನಡ ಬೈಬಲ್ಲಿನಲ್ಲಿ ಬಳಕೆಯಾದ ಪದ ‘ಗೋದಲಿ’. ಇದು ಹೊಸದಾಗಿ ಕಟ್ಟಿದ ಧಾರ್ಮಿಕ ಪದವಲ್ಲ, ಕೊಟ್ಟಿಗೆಯ ಪದ. ಉತ್ತರ ಕರ್ನಾಟಕದ ರೈತರು ಇಂದಿಗೂ ಎತ್ತುಗಳಿಗೆ ‘ಗ್ವಾದಲಿ’ಯಲ್ಲಿಯೇ ಮೇವು ಹಾಕುತ್ತಾರೆ. ಹಬ್ಬದ ಸಂದರ್ಭದಲ್ಲಿ ತೊಟ್ಟಿಯ ಹೆಸರು ಹಿಗ್ಗಿ, ಇಡೀ ಹುಲ್ಲುಮನೆಗೂ ಅದೇ ಹೆಸರಾಗಿದೆ. ದೃಶ್ಯವನ್ನು ಬಯಲಿನಲ್ಲಿ ಕಟ್ಟಿ ತೋರಿಸುವ ಪದ್ಧತಿಗೆ ಹೆಸರು ತಂದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. ಅವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಬಳಸಿದ್ದು ಒಣಹುಲ್ಲು ಮತ್ತು ಜೀವಂತವಾದ ಒಂದು ಎತ್ತು, ಒಂದು ಕತ್ತೆ. ಎಂದರೆ, ಸುತ್ತಮುತ್ತ ಇದ್ದುದನ್ನೇ ಬಳಸುವುದು ಈ ಪದ್ಧತಿಗೆ ಮೊದಲಿನಿಂದಲೂ ಸಹಜವಾದದ್ದು.

ನಮ್ಮ ಮಕ್ಕಳು ಗೋದಲಿಗೆ ‘ಪುಲ್‌ಕೂಡು’ ಎನ್ನುತ್ತಾರೆ. ಅದು ಮಲಯಾಳ ಪದವೆಂದು ತಿದ್ದುವುದಕ್ಕೆ ಅವಸರ ಮಾಡಬೇಡಿ. ಕರಿಹಲಗೆಯ ಮೇಲೆ ಅದನ್ನು ಬರೆದು ‘ಪುಲ್’ ಎಂದರೇನು, ‘ಕೂಡು’ ಎಂದರೇನು ಎಂದು ಕೇಳಿರಿ. ಪುಲ್ ಎಂದರೆ ಹುಲ್ಲು, ಕೂಡು ಎಂದರೆ ಗೂಡು ಎಂದು ಮಕ್ಕಳೇ ಬಿಡಿಸುತ್ತಾರೆ. ಹಳಗನ್ನಡದಲ್ಲಿ ನಾವೂ ‘ಪುಲ್’ ಎಂದೇ ಹೇಳುತ್ತಿದ್ದೆವು. ಪದದ ಆದಿಯ ಪಕಾರವು ಹಕಾರವಾದದ್ದು ಆಮೇಲೆ. ಅಂಗಳದಲ್ಲಿ ಬಿದ್ದಿರುವ ವಸ್ತುಗಳಲ್ಲಿಯೇ ಈ ನಿಯಮಕ್ಕೆ ಉದಾಹರಣೆಗಳಿವೆ: ಪಾಳ–ಹಾಳೆ, ಪೂವು–ಹೂವು. ಬತ್ತದ ಹುಲ್ಲಿಗೆ ಮಲಯಾಳದಲ್ಲಿ ‘ವೈಕ್ಕೋಲ್’, ತುಳುವಿನಲ್ಲಿ ‘ಬೈ’, ನಮ್ಮಲ್ಲಿ ‘ಬೈಹುಲ್ಲು’. ವಾಯ್–ಬಾಯಿ ಎಂಬ ಜೋಡಿಯನ್ನು ಪಕ್ಕದಲ್ಲಿಟ್ಟರೆ ವಕಾರ–ಬಕಾರಗಳ ಸಂಬಂಧವೂ ಕಾಣುತ್ತದೆ. ‘ಚಿರಟ್ಟ’ ಎಂದ ಮಗುವಿಗೆ ‘ಗೆರಟೆ’ಯನ್ನು ತೋರಿಸಿ, ‘ಚಿರ’ಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆಂದು ಕೇಳಿದರೆ ‘ಕೆರೆ’ ಎಂಬ ಉತ್ತರ ಬಂದೀತು. ಹೀಗೆ ಮನೆಯ ಮಾತು ತರಗತಿಯಲ್ಲಿ ತಪ್ಪಾಗಿ ನಿಲ್ಲುವುದಿಲ್ಲ, ಸಾಕ್ಷಿಯಾಗಿ ನಿಲ್ಲುತ್ತದೆ. ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಹವ್ಯಕ ಕನ್ನಡ ಮಾತಾಡುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವ ತರಗತಿಗೆ ಇದಕ್ಕಿಂತ ಹತ್ತಿರದ ವ್ಯಾಕರಣಪಾಠ ನನಗೆ ತಿಳಿದಿಲ್ಲ.

ಬೇಳ, ಕಯ್ಯಾರು, ಮಂಜೇಶ್ವರಗಳ ಕೊಂಕಣಿ ಕ್ರೈಸ್ತ ಮನೆಗಳ ಮಕ್ಕಳು ತರಗತಿಯಲ್ಲಿದ್ದರೆ ‘ನತಾಲ್’ ಹಬ್ಬಕ್ಕೆ ತಮ್ಮ ಮನೆಯಲ್ಲಿ ಗೋದಲಿ ಕಟ್ಟುವ ಕ್ರಮವನ್ನು ಅವರೇ ವಿವರಿಸಲಿ. ಬಹುತೇಕ ಮನೆಗಳಲ್ಲಿ ಅಜ್ಜಿಯೋ ದೊಡ್ಡಪ್ಪನೋ ಇದರ ಪರಿಣತರಾಗಿರುತ್ತಾರೆ. ಅವರನ್ನು ಶಾಲೆಗೆ ಕರೆಯುವುದು ಇನ್ನೂ ಒಳ್ಳೆಯದು.

ಏನನ್ನು ಆಯಬೇಕು, ಏನನ್ನು ಬಿಡಬೇಕು

ಡಿಸೆಂಬರಿನಲ್ಲಿ ಗುಡ್ಡದ ಮುಳಿಹುಲ್ಲು ಒಣಗಿರುತ್ತದೆ, ಏಣೇಲು ಬೆಳೆಯ ಬೈಹುಲ್ಲು ಮೆದೆಯಲ್ಲಿರುತ್ತದೆ. ಬಿದ್ದ ಮಡಲು, ಅಡಿಕೆಯ ಸೋಗೆ, ಹಾಳೆ, ಒಣಗಿದ ಹಿಂಗಾರ, ಗೆರಟೆ, ತೆಂಗಿನ ನಾರು, ಮುರಕಲ್ಲಿನ ಚೂರು ಇವಿಷ್ಟು ಶಾಲೆಯ ಸುತ್ತಲೇ ಸಿಗುತ್ತವೆ. ಹಾಳೆಯನ್ನು ಒಂದು ರಾತ್ರಿ ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ. ಕುರಿ, ದನ, ಒಂಟೆಗಳ ಆಕಾರಗಳನ್ನು ಅದರಿಂದಲೇ ಕತ್ತರಿಸಬಹುದು. ಕೆಂಪು ಬಣ್ಣಕ್ಕೆ ಕೇಪಳ ಮತ್ತು ದಾಸವಾಳ ಸಾಕು.

ಕ್ರಿಸ್‌ಮಸ್ ಮರವೆಂದು ನಮ್ಮ ಕರಾವಳಿಯಲ್ಲಿ ಗಾಳಿಮರದ ಕೊಂಬೆಯನ್ನು ನೆಡುವುದುಂಟು. ಅದು ಪೈನಿನ ಜಾತಿಯದಲ್ಲ. ಸೂಜಿಯಂತೆ ಕಾಣುವುದು ಎಲೆಯೂ ಅಲ್ಲ, ಗೆಣ್ಣುಗಳುಳ್ಳ ಸಣ್ಣ ರೆಂಬೆ. ಎಲೆಗಳು ಆ ಗೆಣ್ಣುಗಳ ಸುತ್ತ ಹಲ್ಲುಗಳಂತೆ ಕುಗ್ಗಿಹೋಗಿವೆ. ಮಕ್ಕಳು ಒಂದೊಂದೇ ಗೆಣ್ಣನ್ನು ಕಿತ್ತು ನೋಡಲಿ. ಕಡಲತೀರದ ಗಾಳಿತೋಪುಗಳಿಂದ ಹಸಿ ಕೊಂಬೆ ಕಡಿಯಕೂಡದು. ಗಾಳಿಗೆ ಬಿದ್ದದ್ದನ್ನು ತಂದರೆ ಸಾಕು.

ಮನಸ್ಸು ಬಂದಷ್ಟು ಕಡಿಯಬಹುದಾದ ಗಿಡವೂ ಒಂದಿದೆ. ಊರಿನವರು ಕಮ್ಯೂನಿಸ್ಟ್ ಗಿಡ ಎನ್ನುವ, ಮಲಯಾಳದಲ್ಲಿ ‘ಕಮ್ಯೂನಿಸ್ಟ್ ಪಚ್ಚ’ ಎಂಬ ಹೆಸರಿನ ಆ ಕಳೆ ಹೊರದೇಶದಿಂದ ಬಂದು ಬೇಲಿಗಳನ್ನೆಲ್ಲ ಆಕ್ರಮಿಸಿದೆ. ಹಬ್ಬದ ಹೊತ್ತಿಗೇ ಮಾಸಲು ಬಿಳಿ ಹೂಗಳಿಂದ ತುಂಬಿರುತ್ತದೆ. ಬೀಜ ಹಾರುವ ಮುನ್ನ ಕಡಿದು ಅಲಂಕಾರಕ್ಕೆ ಬಳಸಿದರೆ ಶಾಲೆಯ ಬೇಲಿಯೂ ಹಗುರಾಗುತ್ತದೆ. ವಯನಾಡಿನ ಅಧ್ಯಾಪಕರಿಗೆ ಇದೇ ಮಾತು ಲಂಟಾನಕ್ಕೆ ಅನ್ವಯಿಸುತ್ತದೆ. ಸಿಪ್ಪೆ ಸುಲಿದ ಅದರ ಕೋಲುಗಳು ಗೋದಲಿಯ ಚೌಕಟ್ಟಿಗೆ ಚೆನ್ನಾಗಿ ಒದಗುತ್ತವೆ. ಅದರ ಕಾಯಿಗಳು ಮಾತ್ರ ಮಕ್ಕಳ ಬಾಯಿಗೆ ಹೋಗಬಾರದು.

ಬಿಡಬೇಕಾದವುಗಳಲ್ಲಿ ಮೊದಲನೆಯದು ತೆಂಗಿನ ಎಳೆಯ ಸುಳಿ. ತೋರಣಕ್ಕೆ ಅದರಷ್ಟು ಚೆಲುವಾದದ್ದು ಬೇರೆ ಇಲ್ಲ, ನಿಜ. ಆದರೆ ತೆಂಗಿಗೆ ಇರುವುದು ಒಂದೇ ಬೆಳೆಯುವ ಮೊಳಕೆ. ಅದಕ್ಕೆ ಪೆಟ್ಟಾದರೆ ಮರವೇ ಹೋಗುತ್ತದೆ. ಎಲ್ಲಿಯಾದರೂ ಮರ ಕಡಿದಿದ್ದರೆ ಅದರ ಸಿರಿಯನ್ನು ಕೇಳಿ ತರಬಹುದು. ಮರದ ಮೇಲಿನ ಪಾಚಿಯನ್ನು ಸುಲಿಯಬೇಡಿ. ಅದು ಮತ್ತೆ ಬೆಳೆಯಲು ಬಹುಕಾಲ ಬೇಕು. ಗುಲಗಂಜಿಯ ಕೆಂಪು ಕಾಳುಗಳನ್ನು ಮಕ್ಕಳು ಆಸೆಯಿಂದ ತರುತ್ತಾರೆ. ಅಗಿದು ನುಂಗಿದರೆ ಅದು ಕಡುವಿಷ. ಶಾಲೆಯ ಅಂಗಳಕ್ಕೆ ಬೇಡವೇ ಬೇಡ. ಕಣಗಿಲೆಯ ಗಿಡ ಪೂರ್ತಿ ವಿಷ. ಇಷ್ಟನ್ನು ಆಯಲು ಹೊರಡುವ ಮುನ್ನವೇ, ವಸ್ತುಗಳನ್ನು ತೋರಿಸಿ ಹೇಳಬೇಕು.

ನಕ್ಷತ್ರ

ನಕ್ಷತ್ರಕ್ಕೆ ಓಟೆ ಬಿದಿರಿನ ಅಥವಾ ಅಡಿಕೆ ದಬ್ಬೆಯ ತೆಳುವಾದ ಸೀಳುಗಳು ಬೇಕು. 60 ಸೆಂಟಿಮೀಟರಿನ ಹತ್ತು ಸೀಳು, 12 ಸೆಂಟಿಮೀಟರಿನ ಐದು ತುಂಡು. ಸೀಳುವ ಕೆಲಸ ದೊಡ್ಡವರದು. ಸಿಬುರು ತೆಗೆದು ನಯಗೊಳಿಸುವುದನ್ನು ಮೇಲಿನ ತರಗತಿಯ ಮಕ್ಕಳು ಮಾಡಬಹುದು. ಪ್ರತಿ ಸೀಳಿನ ಎರಡೂ ತುದಿಗಳಿಂದ 23 ಸೆಂಟಿಮೀಟರಿಗೆ ಒಂದೊಂದು ಗೀರು ಎಳೆಯಲಿ. ನಡುವೆ 14 ಉಳಿಯುತ್ತದೆ. ಐದು ಸೀಳುಗಳನ್ನು ಒಂದರ ಮೇಲೆ ಒಂದು, ಒಂದರ ಕೆಳಗೆ ಒಂದು ಹಾಯಿಸಿ, ಗೀರುಗಳು ಒಂದಕ್ಕೊಂದು ಕೂಡುವಲ್ಲಿ ನಾರಿನಿಂದ ಬಿಗಿದರೆ ಐದು ತುದಿಗಳು ತಾವಾಗಿಯೇ ಸರಿಯಾಗಿ ನಿಲ್ಲುತ್ತವೆ. ಅಳತೆಯಿಲ್ಲದೆ ಕಟ್ಟಿದ ನಕ್ಷತ್ರದ ಒಂದು ಕಾಲು ಯಾವಾಗಲೂ ಗಿಡ್ಡವಾಗುವುದನ್ನು ನೀವೂ ಕಂಡಿರುತ್ತೀರಿ. ಇಂತಹ ಎರಡು ಚೌಕಟ್ಟುಗಳ ತುದಿಗಳನ್ನು ಜೋಡಿಸಿ ಕಟ್ಟಿ, ಒಳಗಿನ ಐದು ಸಂದಿಗಳಲ್ಲಿ ಐದು ತುಂಡುಗಳನ್ನು ಎರಡು ಚೌಕಟ್ಟುಗಳ ನಡುವೆ ಆನಿಸಿದರೆ ನಕ್ಷತ್ರಕ್ಕೆ ಹೊಟ್ಟೆ ಬರುತ್ತದೆ. ಮುಂದೆ ಹಿಂದೆ ಬಿಳಿಯ, ಪಕ್ಕಗಳಿಗೆ ಕೆಂಪಿನ ತೆಳುಕಾಗದವನ್ನು ಮೈದಾ ಅಂಟಿನಿಂದ ಹಚ್ಚುವುದು. ಚಿಕ್ಕ ತರಗತಿಗಳಿಗೆ ಹಿಡಿಸೂಡಿ ಕಡ್ಡಿಯ ಪುಟ್ಟ ನಕ್ಷತ್ರ ಸಾಕು.

ಮುಂದಿನ ವಿಚಾರವನ್ನು ತುಸು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ವಸ್ತುಗಳ ಹೆಸರು ನೆರೆಭಾಷೆಗಳಲ್ಲಿ ಹೇಗೋ ಉಳಿದಿರುತ್ತದೆ. ನಮ್ಮ ಮಕ್ಕಳ ಬರಹದಲ್ಲಿ ಬಡವಾಗಿರುವುದು ಕ್ರಿಯಾಪದ. ‘ಹುಲ್ಲು ಹಾಕಿದೆವು, ಕಡ್ಡಿ ಹಾಕಿದೆವು, ಹಗ್ಗ ಹಾಕಿದೆವು, ನಕ್ಷತ್ರ ಹಾಕಿದೆವು’ ಎಂದು ಪುಟ ತುಂಬುತ್ತಾರೆ. ಕೈ ಮಾಡುವ ಕೆಲಸಗಳಾದರೋ ಬೇರೆ ಬೇರೆ: ದಬ್ಬೆ ಸೀಳುವುದು, ಸಿಬುರು ಹೆರೆಯುವುದು, ಗೂಟ ಹುಗಿಯುವುದು, ಮಡಲು ಹೆಣೆಯುವುದು, ಹುಲ್ಲು ಹೊದೆಸುವುದು, ನಾರು ಬಿಗಿಯುವುದು, ಸಂದಿಗೆ ತುಂಡು ಆನಿಸುವುದು, ನಕ್ಷತ್ರವನ್ನು ತೂಗುಬಿಡುವುದು. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ನಾನು ಮಾಡಿಸಿ ನೋಡಿದ್ದೇನೆ. ಕೆಲಸ ನಡೆಯುತ್ತಿರುವಾಗ ನೀವು ಪಕ್ಕದಲ್ಲಿ ನಿಂತು, ಆ ಕ್ಷಣದ ಕೆಲಸಕ್ಕೆ ತಕ್ಕ ಪದವನ್ನು ಸಹಜವಾಗಿ ಆಡಬೇಕು. ‘ಇನ್ನೂ ಸ್ವಲ್ಪ ಬಿಗಿ’ ಎಂದು ಕೇಳಿಸಿಕೊಂಡ ಮಗು ಮರುದಿನ ‘ಮಾಡುವ ಕ್ರಮ’ ಬರೆಯುವಾಗ ‘ನಾರಿನಿಂದ ಬಿಗಿದೆವು’ ಎಂದೇ ಬರೆಯುತ್ತದೆ. ಮೌಲ್ಯಮಾಪನಕ್ಕೂ ಇದೇ ಅಳತೆ ಸಾಕು: ಬರಹದಲ್ಲಿ ಎಷ್ಟು ‘ಹಾಕು’ಗಳು ಕಡಿಮೆಯಾಗಿವೆ ಎಂದು ಎಣಿಸಿರಿ.

ಗೆರಟೆಯಲ್ಲಿ ರಾಗಿ

ಗೋದಲಿಯ ಮುಂದಿನ ಹಸಿರಿಗೆ ಕರಾವಳಿಯ ಮನೆಗಳಲ್ಲಿ ಧಾನ್ಯ ಮೊಳೆಯಿಸುವ ರೂಢಿಯಿದೆ. ಶಾಲೆಗೆ ರಾಗಿ ಅನುಕೂಲ. ಮಲಯಾಳದಲ್ಲಿ ಮುತ್ತಾರಿ ಎಂದರೆ ಮಕ್ಕಳಿಗೆ ಬೇಗ ಗುರುತು ಸಿಗುತ್ತದೆ. ಕಣ್ಣು ತೂತಾದ ಗೆರಟೆಗಳಲ್ಲಿ ಮಣ್ಣು, ಪುಡಿಗೊಬ್ಬರ ತುಂಬಿ, ಒಂದು ರಾತ್ರಿ ನೆನೆದ ರಾಗಿಯನ್ನು ಒತ್ತಾಗಿ ಚೆಲ್ಲಿ, ತೆಳುವಾಗಿ ಮಣ್ಣು ಉದುರಿಸಬೇಕು. ಮೂರು ನಾಲ್ಕು ದಿನಕ್ಕೆ ಮೊಳಕೆ, ಹತ್ತು ದಿನಕ್ಕೆ ಎರಡು ಬೆರಳೆತ್ತರದ ಹುಲ್ಲು. ಪರೀಕ್ಷೆಯ ದಿನಗಳಲ್ಲಿಯೇ ಬಿತ್ತಬೇಕಾಗುತ್ತದೆ ಎಂಬುದು ತೊಡಕಾಗಿ ಕಂಡರೂ ಮಕ್ಕಳಿಗೆ ಅದೊಂದು ಬಿಡುವು. ಒಂದು ಮಗುವಿಗೆ ಒಂದು ಗೆರಟೆ, ದಿನಕ್ಕೆರಡು ವಾಕ್ಯದ ದಿನಚರಿ. ಇರುವೆಗಳು ರಾಗಿಯನ್ನು ಹೊತ್ತೊಯ್ಯುತ್ತವೆ. ಗೆರಟೆಗಳನ್ನು ನೀರಿನ ತಟ್ಟೆಯ ನಡುವೆ ಹಲಗೆಯ ಮೇಲೆ ಇಡಿಸಿ. ಒಂದು ವರ್ಷ ನೆರೆಮನೆಯ ಕೋಳಿಗಳು ಇಡೀ ಬೆಳೆಯನ್ನು ಮುಗಿಸಿದವು. ಆ ವರ್ಷದಷ್ಟು ಉತ್ಸಾಹದ ದಿನಚರಿಗಳನ್ನು ನಾನು ಮತ್ತೆ ಓದಿಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ಹುಲ್ಲುಮನೆಯ ಒಳಗೆ ಅಥವಾ ಹತ್ತಿರ ಮೇಣದ ಬತ್ತಿ ಹಚ್ಚಲೇಬಾರದು. ಡಿಸೆಂಬರಿನ ಮುಳಿಹುಲ್ಲಿಗೆ ಒಂದು ಕಿಡಿ ಸಾಕು. ಬೆಳಕು ಬೇಕೆಂದಿದ್ದರೆ ನಕ್ಷತ್ರದೊಳಗೆ ಸಣ್ಣ ಎಲ್‌ಇಡಿ ದೀಪವನ್ನು ದೊಡ್ಡವರೇ ಅಳವಡಿಸಲಿ. ಹಾವು, ಚೇಳುಗಳ ಭಯವಿರುವುದರಿಂದ ಹುಲ್ಲಿನ ಮೆದೆಗೂ ಕಲ್ಲುರಾಶಿಗೂ ಮಕ್ಕಳು ನೇರವಾಗಿ ಕೈಹಾಕದಿರಲಿ.

ಗೋದಲಿಯು ಕೆಲವು ಮಕ್ಕಳಿಗೆ ಭಕ್ತಿಯ ವಿಷಯ, ಉಳಿದವರಿಗೆ ಊರ ಹಬ್ಬದ ಸಂಭ್ರಮ. ಕೇರಳದಲ್ಲಿ ಈ ತಿಂಗಳು ನಕ್ಷತ್ರ ತೂಗುವುದು ಕ್ರೈಸ್ತ ಮನೆಗಳ ಮುಂದೆ ಮಾತ್ರವಲ್ಲ. ಆದರೂ ಮನೆ, ನಕ್ಷತ್ರ, ಹಸಿರುಗಳನ್ನು ಎಲ್ಲರೂ ಸೇರಿ ಕಟ್ಟಲಿ. ಮೂರ್ತಿಗಳನ್ನು ತಂದಿರಿಸುವ ಕೆಲಸ ಆ ಸಂಪ್ರದಾಯದ ಮನೆಯವರ ಇಚ್ಛೆಗೆ ಬಿಟ್ಟದ್ದು. ಮೂರ್ತಿಯಿಲ್ಲದಿದ್ದರೆ ಖಾಲಿ ಗೋದಲಿಯೂ ಅಂದವಾಗಿಯೇ ಇರುತ್ತದೆ.

ರಜೆ ಮುಗಿದು ಬಂದ ಮೊದಲ ದಿನ ಬಿಚ್ಚುವ ಕೆಲಸವನ್ನೂ ಮಕ್ಕಳಿಂದಲೇ ಮಾಡಿಸಿ. ಪ್ರತಿಯೊಂದು ವಸ್ತು ಎಲ್ಲಿಗೆ ಹೋಗಬೇಕೆಂದು ಅವರು ಹೇಳಲಿ: ಬೈಹುಲ್ಲು ಹತ್ತಿರದ ಕೊಟ್ಟಿಗೆಗೆ, ಮಡಲು ಮತ್ತು ಸೋಗೆ ತೆಂಗಿನ ಬುಡಕ್ಕೆ, ಹಳದಿಯಾದ ರಾಗಿಹುಲ್ಲು ಯಾರ ಮನೆಯ ಆಡಿಗೆ ಎಂಬುದು ಚರ್ಚೆಯ ವಿಷಯ. ನಕ್ಷತ್ರದ ಕಾಗದ ಹರಿದಿರುತ್ತದೆ, ಚೌಕಟ್ಟು ಗಟ್ಟಿಯಾಗಿರುತ್ತದೆ. ಕಟ್ಟಿದವರ ಹೆಸರು ಮತ್ತು ವರ್ಷವನ್ನು ಹಾಳೆಯ ತುಂಡಿನ ಮೇಲೆ ಕನ್ನಡದಲ್ಲಿ ಬರೆಸಿ ಅದಕ್ಕೆ ಕಟ್ಟಿ, ಅಡುಗೆಕೋಣೆಯ ಜಂತಿಗೆ ತೂಗುಹಾಕಿರಿ.