ಯುದ್ಧದ ನಡುವೆ ಒಂದು ಗುಲಾಬಿ

ಕಳೆದ ತಿಂಗಳು ಇತಿಹಾಸ ತರಗತಿಯ ಇಪ್ಪತ್ತಾರು ಮಂದಿಯನ್ನು ಕರೆದುಕೊಂಡು ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಗೆ ಹೋಗಿದ್ದೆ. ನಮ್ಮ ಕಾಲೇಜಿನಿಂದ ನಡೆದೇ ಹೋಗುವಷ್ಟು ದೂರ. ಆದರೂ ಅದನ್ನು ಮೊದಲೇ ನೋಡಿದ್ದವರು ನಾಲ್ವರು ಮಾತ್ರ. ಹತ್ತು ನಿಮಿಷದಲ್ಲಿ ಸೆಲ್ಫಿ ಮುಗಿಸಿ ಎಲ್ಲರೂ ಬಾಗಿಲ ಬಳಿ ನಿಂತರು. "ಸರ್, ಆಯ್ತಲ್ಲ, ಹೋಗೋಣ್ವಾ?"

ತಪ್ಪು ಅವರದಲ್ಲ. ಪಾಠ ಓದುವುದನ್ನು ಕಲಿಸುತ್ತೇವೆ, ಚಿತ್ರ ನೋಡುವುದನ್ನು ಕಲಿಸುವುದಿಲ್ಲ. ಹಾಗಾಗಿ ಮೊಬೈಲ್ ಒಳಗಿಡಿಸಿ, ಪ್ರತಿಯೊಬ್ಬರೂ ಒಂದು ಕಂಬ ಅಥವಾ ಗೋಡೆಯ ಒಂದು ತುಂಡನ್ನು ಐದು ನಿಮಿಷ ಸುಮ್ಮನೆ ನೋಡಬೇಕೆಂದು ಹೇಳಿದೆ.

ಈ ಕಟ್ಟಡವನ್ನು ಹೈದರ್ ಅಲಿ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಮರದ ಕಂಬಗಳು, ಕಮಾನುಗಳು, ಗೋಡೆಯ ಮೇಲೆ ಬಣ್ಣ ಮಾಸಿದ ಹೂಬಳ್ಳಿಗಳು. ಟಿಪ್ಪುವಿನ ನಂತರ ಇಲ್ಲಿ ಸರ್ಕಾರಿ ಕಚೇರಿ ನಡೆಯಿತು. 1868ರಲ್ಲಿ ಅದು ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಗೆ ಹೋಯಿತು.

"ಸರ್, ಒಬ್ಬ ಮನುಷ್ಯನ ಚಿತ್ರವೂ ಇಲ್ಲ," ಎಂದಳು ಒಬ್ಬ ವಿದ್ಯಾರ್ಥಿನಿ. ಪಕ್ಕದವನು ತಕ್ಷಣ, "ನಮ್ಮಲ್ಲಿ ಮನುಷ್ಯರ ಚಿತ್ರ ಬಿಡಿಸಬಾರದಲ್ಲ, ಅದಕ್ಕೆ" ಎಂದ. ನನಗೆ ಖುಷಿಯಾಯಿತು, ಉತ್ತರ ಅಷ್ಟು ಸುಲಭವಲ್ಲದ ಕಾರಣ.

ಅದೇ ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ತುಂಬ ಮನುಷ್ಯರೇ. 1780ರ ಪೊಲ್ಲಿಲೂರು ಯುದ್ಧದ ಚಿತ್ರ ಅದು. ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಚೌಕಾಕಾರವಾಗಿ ಒತ್ತೊತ್ತಾಗಿ ನಿಂತಿದ್ದಾರೆ, ಸುತ್ತ ಮೈಸೂರಿನ ಕುದುರೆಗಳು. ಮದ್ದಿನ ಗಾಡಿ ಸಿಡಿಯುತ್ತಿದೆ. ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ. ಈ ಗದ್ದಲದ ನಡುವೆ ಟಿಪ್ಪು ಮಾತ್ರ ಕೈಯಲ್ಲಿ ಗುಲಾಬಿ ಹಿಡಿದು ಶಾಂತನಾಗಿದ್ದಾನೆ. ಗುಂಡು ಹಾರುವಾಗ ಯಾರಾದರೂ ಹೂ ಮೂಸುತ್ತಾರೆಯೇ? ಚಿತ್ರಕಾರ ನಡೆದದ್ದನ್ನು ವರದಿ ಮಾಡುತ್ತಿಲ್ಲ. ನೋಡುವವರು ಏನನ್ನು ನಂಬಬೇಕೆಂದು ಹೇಳುತ್ತಿದ್ದಾನೆ. ಹಾಗಾಗಿ ಯಾವ ಚಿತ್ರದ ಮುಂದೆ ನಿಂತರೂ ಕೇಳಿ: ಇದನ್ನು ಯಾರು ಬರೆಸಿದರು? ಯಾರು ನೋಡಲೆಂದು? ಇಂದಿನ ಚುನಾವಣಾ ಪೋಸ್ಟರ್‌ಗೂ ಇದೇ ಪ್ರಶ್ನೆ.

ಇನ್ನೂ ಸೋಜಿಗದ ಮಾತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಆ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಈ ಚಿತ್ರವನ್ನು ದುರಸ್ತಿ ಮಾಡಿಸಿದ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಗೆದ್ದವರು ತಮ್ಮ ಸೋಲಿನ ಚಿತ್ರವನ್ನು ಕಾಪಾಡಿದ್ದೇಕೆ? ಎಂಥ ಬಲಿಷ್ಠ ಶತ್ರುವನ್ನು ಕೊನೆಗೆ ಸೋಲಿಸಿದೆವು ಎಂದು ತೋರಿಸಲು ಎಂಬುದು ನನ್ನ ಊಹೆ. ವಿದ್ಯಾರ್ಥಿಗಳು ಒಪ್ಪಲಿಲ್ಲ. "ಚಿತ್ರ ಚೆನ್ನಾಗಿತ್ತು ಸರ್, ಅಷ್ಟೇ," ಎಂದರು. ಇರಬಹುದು.

ವಾಪಸ್ ಬರುವಾಗ ದ್ವಿತೀಯ ಪಿಯುಸಿಯ ವಿಜ್ಞಾನ ವಿಭಾಗದ ಹುಡುಗನೊಬ್ಬ ನನ್ನ ಜೊತೆಗೇ ನಡೆದ. ನಮ್ಮ ತರಗತಿಯವನಲ್ಲ, ಕೇಳಿಕೊಂಡು ಬಂದಿದ್ದ. ಅವನ ಬಯಾಲಜಿ ರೆಕಾರ್ಡಿನ ಕೊನೆಯ ಹಾಳೆಗಳಲ್ಲಿ ಹೃದಯ, ಎಲೆಗಳ ಜೊತೆ ಮಾರ್ಕೆಟ್ಟಿನ ಹಮಾಲರ ಚಿತ್ರಗಳೂ ಇದ್ದವು. ಚಿತ್ರಕಲಾ ಪರಿಷತ್ತಿನ ಕಾಲೇಜಿಗೆ ಅರ್ಜಿ ಹಾಕಬೇಕೆಂಬ ಆಸೆ. "ಅಬ್ಬಾ ಕೇಳ್ತಾರೆ ಸರ್, ಊಟಕ್ಕೇನು ಮಾಡ್ತೀಯ ಅಂತ."

ಅವನಿಗೆ ಸುಳ್ಳು ಧೈರ್ಯ ಹೇಳಲಾಗಲಿಲ್ಲ. ನಮ್ಮ ಊರಿನಲ್ಲೇ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರ ಕೆಲಸವನ್ನು ಫ್ಲೆಕ್ಸ್ ಕಿತ್ತುಕೊಂಡಿತು. 2009ರ ಸುಮಾರಿಗೆ ಮಹಾನಗರ ಪಾಲಿಕೆ ಅಂಥವರಿಂದಲೇ ರಸ್ತೆಬದಿಯ ಗೋಡೆಗಳ ಮೇಲೆ ಕರ್ನಾಟಕದ ಸ್ಮಾರಕ, ಕಾಡು, ಪ್ರಾಣಿಗಳ ಚಿತ್ರ ಬರೆಸಿತು. ಕೆಲವರು ಮೂಗು ಮುರಿದರು. ನಾನು ಬಸ್ಸಿನ ಕಿಟಕಿಯಿಂದ ಇಷ್ಟಪಟ್ಟು ನೋಡಿದವನು. ಈ ವಿದ್ಯೆಯಿಂದ ಕೂಲಿ ಬರುತ್ತದೆ, ಆದರೆ ಒಂದೇ ದಾರಿಯಲ್ಲಿ ಬರುವುದಿಲ್ಲ ಎಂದೆ. ಅವನ ತಂದೆಯನ್ನು ಮುಂದಿನ ಶನಿವಾರ ಕಾಲೇಜಿಗೆ ಬರಲು ಹೇಳಿದ್ದೇನೆ.

ಅವನು ಅಂದು ಬಿಡಿಸಿದ ಕಂಬದ ಚಿತ್ರ ಈ ಸಂಚಿಕೆಯ ಹಿಂಪುಟದಲ್ಲಿದೆ. ಉಳಿದವರು ನಿಮ್ಮ ಬೀದಿಯ ಒಂದು ಗೋಡೆ, ಅಂಗಡಿ ಬೋರ್ಡು ಅಥವಾ ಹೊಸಿಲ ಮುಂದಿನ ರಂಗೋಲಿಯನ್ನು ಐದು ನಿಮಿಷ ನೋಡಿ, ಒಂದು ಪುಟ ಬರೆದು ಗ್ರಂಥಾಲಯದ ಪೆಟ್ಟಿಗೆಗೆ ಹಾಕಿ. ಸೆಲ್ಫಿ ಬೇಡ.